ಅರವತ್ತೆಂಟರ ಗೆರೆ

ಏಳು ವರ್ಷಗಳಿಂದ ನೀಲಾಂಬಿಕೆ ಹಾದಿಮನಿಯ ಕಥೆಗಳಿಗೆ ಒಬ್ಬನೇ ಓದುಗ. ಅವನ ಹೆಸರು ಆಕೆಗೆ ಗೊತ್ತಿರಲಿಲ್ಲ. ಗಂಡೋ ಹೆಣ್ಣೋ, ಊರು ಯಾವುದೋ, ಅದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ಸಂಖ್ಯೆ: ೪೪೧೭. ಪ್ರತಿ ಸೋಮವಾರ ಬೆಳಿಗ್ಗೆ ಮಿಡಿತ ನಿಗಮದವರು ಕಳಿಸುವ ನಕ್ಷೆಯಲ್ಲಿ ಆ ಸಂಖ್ಯೆಯ ಎದುರಿಗೆ ಒಂದು ಗೆರೆ ಇರುತ್ತಿತ್ತು. ಕಥೆಯ ಮೊದಲ ಸಾಲಿಗೆ ಅರವತ್ತೆಂಟು. ನಡುವೆ ಕೂಸು ಸತ್ತಾಗ ಅರವತ್ತೆಂಟು. ಮುಷ್ಕರ ಮುರಿದು, ಪೊಲೀಸರು ಬಂದು, ಮುದುಕಿಯ ಕೈ ಮುರಿದಾಗಲೂ ಅರವತ್ತೆಂಟು. ಕೊನೆಯ ಸಾಲಿಗೂ ಅಷ್ಟೇ.

ಬೇರೆ ಓದುಗರು ಬರುತ್ತಿರಲಿಲ್ಲವೆಂದಲ್ಲ. ಬಂದು, ಎರಡನೇ ಪುಟದಲ್ಲಿ ಎದ್ದುಹೋಗುತ್ತಿದ್ದರು. ೪೪೧೭ ಮಾತ್ರ ಹೊಸ ಕಥೆ ಇಲ್ಲದ ವಾರ ಹಳೆಯದಕ್ಕಾದರೂ ತಪ್ಪದೆ ಬಂದು, ಮೊದಲಿಂದ ಕೊನೆಯವರೆಗೆ ಓದಿ, ಒಂದು ಮಿಡಿತವನ್ನೂ ಬಿಟ್ಟುಕೊಡದೆ ಎದ್ದುಹೋಗುತ್ತಿತ್ತು. ಆಕೆ ಅವನಿಗೆ ಮನಸ್ಸಿನಲ್ಲೇ ಒಂದು ಆಕಾರ ಕೊಟ್ಟಿದ್ದಳು: ನಿವೃತ್ತ ನ್ಯಾಯಾಧೀಶ, ಇಸ್ತ್ರಿ ಮಾಡಿದ ಅಂಗಿ, ಊಟಕ್ಕೆ ಉಪ್ಪು ಕಡಿಮೆ. ರೊಟ್ಟಿ ತಿನ್ನುವಾಗ ಅವನೊಂದಿಗೆ ಜಗಳವಾಡುತ್ತಿದ್ದಳು. ಜಗಳವಾಡಲು ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಅದು. ಗಿರಣಿ ನಡೆಯುವಾಗ ನೆಲ ನಡುಗುತ್ತಿತ್ತು, ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳಿ ಅಂಚಿಗೆ ಬರುತ್ತಿತ್ತು. ಬಾಡಿಗೆ, ಖಾನಾವಳಿಯ ರೊಟ್ಟಿ, ರಕ್ತದೊತ್ತಡದ ಗುಳಿಗೆ, ಎಲ್ಲವೂ ಆ ಒಂದು ಗೆರೆಯ ಮೇಲೆ ನಿಂತಿದ್ದವು. ಕಥೆಯನ್ನು ಕೊನೆಯವರೆಗೆ ಓದುವ ಒಬ್ಬನಾದರೂ ಇದ್ದರೆ ಲೇಖಕರ ಕಾರ್ಡು ಉಳಿಯುತ್ತದೆ. ಕಾರ್ಡು ಉಳಿದರೆ ತಿಂಗಳ ಗೌರವಧನ ಉಳಿಯುತ್ತದೆ. ಇದು ನಿಯಮ. ಕಾರ್ಡಿಲ್ಲದವರ ಕಥೆ ನಿಗಮದ ಉಗ್ರಾಣದಲ್ಲಿ ಇರುವುದಿಲ್ಲ. ಅಲ್ಲಿ ಇಲ್ಲದ ಕಥೆ ಜನ ಓದುವ ಪರದೆಯ ಪಾಟಿ ಯಾವುದರಲ್ಲೂ ತೆರೆಯುವುದಿಲ್ಲ.

ಹೇಳಲು ನಾಚಿಕೆಯ ವಿಷಯವೆಂದರೆ, ಈ ಅಳತೆಯನ್ನು ಬೇಡಿ ತಂದವರಲ್ಲಿ ಆಕೆಯೂ ಒಬ್ಬಳು.

ಹತ್ತು ವರ್ಷದ ಹಿಂದೆ ಕಥೆ ಬರೆದವರಿಗೆ ಸಿಗುತ್ತಿದ್ದದ್ದು ಹತ್ತು ಪ್ರತಿ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಆ ಬುಟ್ಟಿಯಲ್ಲೂ ಕೆಳಗೆ ಹುಲ್ಲು. ದರ್ಜಿ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಸೇರುತ್ತಿದ್ದ ಒಂಬತ್ತು ಜನರ ಓದುಬಳಗ ಒಂದು ದಿನ ಓದುವುದನ್ನು ಬಿಟ್ಟು ಬೀದಿಗಿಳಿಯಿತು. ‘ಶಾಲು ಬೇಯಿಸಿ ಉಣ್ಣಲೇ?’ ಎಂಬ ಫಲಕ ಬರೆದವಳು ನೀಲಾಂಬಿಕೆ. ನಲವತ್ತು ದಿನ ಕೂತರು. ಓದಿದವರ ಲೆಕ್ಕದಲ್ಲಿ ಬರೆದವರಿಗೆ ಕೂಲಿ ಕೊಡಿ ಎಂದರು. ಸರ್ಕಾರ ಒಪ್ಪಿತು. ಆದರೆ ಓದಿದರೆಂದು ನಂಬುವುದು ಹೇಗೆ? ಪುಟ ತಿರುವುವುದಕ್ಕೆ ಗಾಳಿ ಸಾಕು. ಮೆಚ್ಚುಗೆ ಬರೆಯುವುದಕ್ಕೆ ಭಾವಮೈದುನ ಸಾಕು. ಸುಳ್ಳು ಹೇಳಲಾರದ್ದು ರಕ್ತ ಒಂದೇ ಎಂದು ತಜ್ಞರು ತೀರ್ಮಾನಿಸಿದರು. ಹಾಗೆ ಬಂದದ್ದು ಓದುಪಟ್ಟಿ. ಮಣಿಕಟ್ಟಿಗೆ ಕಟ್ಟಿಕೊಂಡರೆ ಪಾಟಿಯಲ್ಲಿ ಕಥೆ ತೆರೆಯುತ್ತದೆ, ಬಿಚ್ಚಿದರೆ ಮುಚ್ಚುತ್ತದೆ. ನಾಡಿ, ತೊಗಲಿನ ಬೆವರು, ಉಸಿರು ಹಿಡಿದದ್ದು, ಈ ಮೂರನ್ನೂ ಅದು ಸಾಲು ಸಾಲಿಗೆ ಬರೆದುಕೊಳ್ಳುತ್ತದೆ. ಗೌರವಧನದ ಮೇಲೆ, ಎದೆ ಜಿಗಿದಷ್ಟು ವಾರದ ಕೂಲಿ.

ನಾವು ಕೂಲಿ ಕೇಳಿದೆವು, ಅವರು ತಕ್ಕಡಿ ಕೊಟ್ಟರು. ತಕ್ಕಡಿ ಹಿಡಿದವನೇ ಧಣಿ ಎಂಬುದು ಅಷ್ಟೊಂದು ಪುಸ್ತಕ ಓದಿದ ಒಂಬತ್ತು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎದೆ ಎಲ್ಲಿ ಜಿಗಿಯುತ್ತದೆ ಎಂದು ತಿಳಿದ ಮೇಲೆ ಬರೆಯುವವರು ಅಲ್ಲಿಯೇ ಹೋಗಿ ಕೂತರು. ಮೂರನೇ ಪುಟಕ್ಕೊಂದು ಬಾವಿ, ಬಾವಿಗೊಂದು ಮಗು. ಬಳಗದ ಚನ್ನವೀರ ಎಂಬಾತ ವರ್ಷಕ್ಕೆ ಮೂವತ್ತು ಬಾವಿ ತೋಡಿ ಎರಡಂತಸ್ತಿನ ಮನೆ ಕಟ್ಟಿಸಿದ. ಇನ್ನೊಂದು ಸಂಗತಿ ನಿಧಾನವಾಗಿ ಗೊತ್ತಾಯಿತು. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ, ನಕ್ಕರೆ, ತಕರಾರು ತೆಗೆದರೆ ಅಳತೆ ಕೆಡುತ್ತದೆ. ಆದ್ದರಿಂದ ಎಲ್ಲರೂ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಓದತೊಡಗಿದರು. ದರ್ಜಿ ಅಂಗಡಿಯ ಮಹಡಿಯ ಮೇಲೆ ಭಾನುವಾರ ಮೊದಲು ಆರು ಜನ, ಆಮೇಲೆ ಮೂವರು. ಕೊನೆಗೆ ನೀಲಾಂಬಿಕೆ ಒಬ್ಬಳೇ ಹೋಗಿ, ಒಂಬತ್ತು ಕುರ್ಚಿಗಳ ನಡುವೆ ಕೂತು, ಚಹಾ ಕುಡಿದು ಬರುತ್ತಿದ್ದಳು. ದರ್ಜಿ ಕುರ್ಚಿಗಳನ್ನು ಮಾರಿದ ಮೇಲೆ ಅದೂ ನಿಂತಿತು.

ಮಾಘ ಮಾಸದ ಒಂದು ಸೋಮವಾರ ಗೆರೆ ಎದ್ದು ನಿಂತಿತು.

ಆ ವಾರದ ಕಥೆ ಆಸ್ಪತ್ರೆಯ ಬಟ್ಟೆ ಒಗೆಯುವ ತಂಗವ್ವನದು. ಒಗೆಯಲು ಬಂದ ಗಂಟಿನಲ್ಲಿ ತಂಗವ್ವನಿಗೆ ತನ್ನ ತಂಗಿಯ ಸೀರೆ ಸಿಗುತ್ತದೆ. ತಂಗಿ ಆಸ್ಪತ್ರೆ ಸೇರಿದ್ದೇ ಆಕೆಗೆ ಗೊತ್ತಿರುವುದಿಲ್ಲ. ಹೆಚ್ಚೇನೂ ನಡೆಯುವುದಿಲ್ಲ. ಆಕೆ ಆ ಸೀರೆಯನ್ನು ಎಲ್ಲಕ್ಕಿಂತ ಕೊನೆಗೆ ಒಗೆಯುತ್ತಾಳೆ, ಅಷ್ಟೇ. ನಕ್ಷೆ ಬಿಚ್ಚಿದಾಗ ೪೪೧೭ರ ಎದುರಿಗೆ ಗುಡ್ಡಸಾಲು ಕಂಡಿತು. ಎಂಬತ್ತೆರಡು, ತೊಂಬತ್ತು, ಎಪ್ಪತ್ತೊಂದು, ಸೀರೆ ಸಿಕ್ಕ ಸಾಲಿಗೆ ನೂರಾ ಹದಿನಾಲ್ಕು. ನ್ಯಾಯಾಧೀಶ ಅತ್ತಿದ್ದ.

ಆಕೆ ಯಾರಿಗಾದರೂ ಹೇಳಬೇಕೆಂದು ಮೆಟ್ಟಿಲಿಳಿದು ಗಿರಣಿಗೆ ಹೋದಳು. ಗಿರಣಿಯವನು ಜೋಳ ಸುರಿಯುತ್ತ, ಕಿವಿ ತೋರಿಸಿ, ಏನೂ ಕೇಳಿಸುತ್ತಿಲ್ಲವೆಂದು ಕೈಯಾಡಿಸಿದ. ಅವನ ಹುಬ್ಬುಗಳು ಹಿಟ್ಟಾಗಿದ್ದವು. ಆಕೆ ಏನೂ ಇಲ್ಲವೆಂದು ತಾನೂ ಕೈಯಾಡಿಸಿ, ಮೇಲೆ ಬಂದಳು. ಆ ವಾರದ ದುಡ್ಡಿನಲ್ಲಿ ಹೊಸ ಕನ್ನಡಕ ಹಾಕಿಸಿಕೊಂಡಳು. ಹೊಸ ಕನ್ನಡಕದಲ್ಲಿ ಮೊದಲು ಓದಿದ್ದು ಗುರುವಾರ ಬಂದ ನೋಟೀಸು: ‘ಸುಳ್ಳು ಓದಿನ ಶಂಕೆ. ಕಾರ್ಡು ತಡೆಹಿಡಿಯಲಾಗಿದೆ. ಅಳತೆಮನೆಗೆ ಹಾಜರಾಗುವುದು.’

ಅಳತೆಮನೆ ಎಂದರೆ ಒಂದು ದೊಡ್ಡ ತಣ್ಣನೆಯ ಕೋಣೆ. ಗೋಡೆಯುದ್ದಕ್ಕೂ ಪರದೆಗಳು, ಪರದೆಗಳ ಮೇಲೆ ಸಾವಿರಾರು ಗೆರೆಗಳು. ಈ ಗಳಿಗೆಯಲ್ಲಿ ನಾಡಿನಲ್ಲಿ ಕಥೆ ಓದುತ್ತಿರುವ ಅಷ್ಟೂ ಜನರ ಎದೆ ಅಲ್ಲಿ ಓಡುತ್ತಿತ್ತು. ಒಂದು ಸದ್ದಿರಲಿಲ್ಲ. ಅಳತೆಗಾರ ಅನ್ವರ್ ಸೌದಾಗರ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಆಕೆಯನ್ನು ಕೂರಿಸಿ, ನೀರು ಕೊಟ್ಟು, ನಕ್ಷೆಯನ್ನು ದೊಡ್ಡದು ಮಾಡಿ ತೋರಿಸಿದ.

“ಅಕ್ಕಾರ, ಇದು ಒಂದ ಎದಿ ಅಲ್ರಿ. ಹದಿನಾಲ್ಕ ಎದಿ. ಇದು ಇಪ್ಪತ್ತರ ಹುಡುಗೀದು. ಇದು ಎಪ್ಪತ್ತರ ಮುದುಕೀದು. ಐದಕ್ಕೊಂದು ಬಡತ ತಪ್ಪತೈತಿ, ನೋಡ್ರಿ. ಇದು ಬಸುರೀದು ಇರಬೇಕು. ಎಲ್ಲಾನೂ ಒಂದ ಪಟ್ಟಿ, ಒಂದ ಕಥಿ, ಒಂದ ಮಧ್ಯಾಹ್ನ.”

ನೀಲಾಂಬಿಕೆ ತನಗೇನೂ ಗೊತ್ತಿಲ್ಲವೆಂದಳು. ಗೊತ್ತಿಲ್ಲವೆಂಬುದನ್ನು ತಾನು ನಂಬುತ್ತೇನೆ, ಆದರೆ ಸಮಿತಿ ನಂಬಲಾರದು ಎಂದು ಅವನು ತಗ್ಗಿದ ದನಿಯಲ್ಲಿ ವಿವರಿಸಿದ. ಒಂದು ಪಟ್ಟಿಗೆ ಒಂದೇ ಮೈ ಎಂಬುದು ಕಾಯಿದೆ. ಇಂಥದ್ದಾದಾಗ ಎರಡೇ ದಾರಿ. ಒಂದು, ಪಟ್ಟಿಯವರು ತನಗೆ ಗೊತ್ತಿಲ್ಲದೆ ಮೋಸ ಮಾಡಿದ್ದಾರೆಂದು ಲೇಖಕಿ ಬರೆದುಕೊಡುವುದು. ಆಗ ಕಾರ್ಡು ಮರಳುತ್ತದೆ. ಪಟ್ಟಿಯವರಿಗೆ ದಂಡ, ಒಂದು ಸುಗ್ಗಿಯ ದುಡಿಮೆ ಪೂರಾ ಹೋಗುವಷ್ಟು, ಮತ್ತು ಜನ್ಮದಲ್ಲಿ ಇನ್ನೊಂದು ಪಟ್ಟಿ ಇಲ್ಲ. ಎರಡು, ಲೇಖಕಿಯೇ ಮಾಡಿಸಿದ್ದೆಂದು ಒಪ್ಪಿಕೊಳ್ಳುವುದು. ಆಗ ಪಟ್ಟಿ ಅವರಿಗೆ ವಾಪಸು, ಕಾರ್ಡು ಕಾಯಂ ರದ್ದು. ಸೋಮವಾರ ಸಮಿತಿ ಕೂರುತ್ತದೆ.

“ಒಂದನೇದಕ್ಕ ಸಹಿ ಹಾಕಿಬಿಡ್ರಿ. ಎಲ್ಲಾರೂ ಅದನ್ನ ಮಾಡತಾರ. ಓದೋರ ಮುಖ ನೀವು ನೋಡಿಲ್ಲ, ನಿಮ್ಮ ಮುಖ ಅವರು ನೋಡಿಲ್ಲ.”

ಜಪ್ತಿ ಮಾಡಿ ತಂದ ಪಟ್ಟಿ ಮೇಜಿನ ಮೇಲೆ ಪಾರದರ್ಶಕ ಚೀಲದಲ್ಲಿತ್ತು. ಏಳು ವರ್ಷ ಆಕೆಗೆ ಅನ್ನ ಹಾಕಿದ ಆಸಾಮಿ. ಅನ್ವರ್ ಬೇಡವೆನ್ನಲಿಲ್ಲ, ಆಕೆ ಚೀಲ ಬಿಚ್ಚಿ ನೋಡಿದಳು. ಬಣ್ಣ ಹೋಗಿತ್ತು. ಕೊಂಡಿ ಸಿಕ್ಕಿಸುವ ತೂತುಗಳಲ್ಲಿ ಕೆಂಪು ಹುಡಿ ಮೆತ್ತಿಕೊಂಡಿತ್ತು. ಮೂಗಿನ ಹತ್ತಿರ ತಂದಳು. ಮೂರು ಸಲ ಸೀನಿದಳು. ಅಷ್ಟು ಕೆಂಪು, ಅಷ್ಟು ಕಡಿಮೆ ಖಾರ, ಸ್ವಲ್ಪ ಸಿಹಿಯಾದ ವಾಸನೆ. ಈ ಸೀಮೆಯ ಅಡಿಗೆಮನೆಯಲ್ಲಿ ಬೆಳೆದ ಯಾರಿಗೂ ಆ ಮೆಣಸಿನಕಾಯಿಯ ಊರು ಹೇಳಿಕೊಡಬೇಕಾಗಿಲ್ಲ.

ಓದುಗರ ಊರು ತಿಳಿದುಕೊಳ್ಳುವುದು ಲೇಖಕರಿಗೆ ನಿಷಿದ್ಧ. ಅನ್ವರ್ ಪರದೆಯ ಕಡೆ ತಿರುಗಿ ಕೂತ.

“ನೀವು ಸೀನಿಲ್ಲ, ನಾ ಕೇಳಿಲ್ಲ,” ಅಂದ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬ್ಯಾಡಗಿಯಲ್ಲಿ ಇಳಿದಳು. ಆಗ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಆವಕದ ಕಾಲ. ಊರ ತುಂಬ ಕೆಂಪು ರಾಶಿ, ಗಾಳಿಗೇ ಕೆಮ್ಮು. ನೂರಾರು ಗೋದಾಮುಗಳಲ್ಲಿ ಯಾವುದೆಂದು ಹುಡುಕುವುದು? ಚಹಾದಂಗಡಿಯವನನ್ನು ಅಳುಕುತ್ತ ಕೇಳಿದಳು: ಇಲ್ಲಿ ಎಲ್ಲಿಯಾದರೂ ಕಥೆ ಓದುತ್ತಾರೆಯೇ? ಅವನು ತಲೆಯೆತ್ತದೆ, ಮೂರನೇ ಓಣಿ, ನೀಲಿ ಬಾಗಿಲು, ಕಥಿ ಗೋದಾಮು ಅಂತ ಕೇಳ್ರಿ ಎಂದ. ಬಸ್‌ಸ್ಟ್ಯಾಂಡಿನ ದಾರಿ ಹೇಳುವಷ್ಟು ಸಲೀಸಾಗಿ.

ನೀಲಿ ಬಾಗಿಲಿನೊಳಗೆ ನಲವತ್ತಕ್ಕೂ ಹೆಚ್ಚು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು, ನಾಲ್ಕು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ತೊಟ್ಟು ಬಿಡಿಸಿದ ಕಾಯಿಯ ತೂಕಕ್ಕೆ ಕೂಲಿ. ಬಾಗಿಲ ಬದಿಯ ಮುದುಕಿ ಆಕೆಯನ್ನು ನೋಡಿ, ಕೆಲಸಕ್ಕೆ ಬಂದವಳೆಂದುಕೊಂಡು, ಒಂದು ಬುಟ್ಟಿ ಮುಂದೆ ತಳ್ಳಿದಳು. ಹುಸೇನಬಿ ಎಂದು ಆಕೆಯ ಹೆಸರು.

“ಹೊಸಬಳೇನ ತಂಗಿ? ಕೂಡು. ಕಣ್ಣ ತಿಕ್ಕೋಬ್ಯಾಡ, ಸುಮ್ಮನ ಸುರೀಲಿ ಬಿಡು.”

ನೀಲಾಂಬಿಕೆ ತಾನು ಯಾರೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನಿಂದ ದನಿ ಬಂತು, ಎಲ್ಲರೂ ಸುಮ್ಮನಾದರು. ಆಕೆಯೂ ಕೂತಳು.

ಬೋರಲು ಹಾಕಿದ ಬುಟ್ಟಿಯ ಮೇಲೆ ಮೂವತ್ತೈದರ ಹೆಣ್ಣುಮಗಳು ಕೂತಿದ್ದಳು. ಎಲ್ಲರೂ ಫಕ್ಕೀರವ್ವ ಅನ್ನುತ್ತಿದ್ದರು. ಮಡಿಲಲ್ಲಿ ಕಪ್ಪಾದ ಪಾಟಿ. ಪಟ್ಟಿಯನ್ನು ಕಂಪನಿಯವರು ದುರಸ್ತಿಗೆ ಒಯ್ದಿದ್ದಾರೆ, ಬರುವವರೆಗೆ ಹಳೆಯ ಕಥೆಗಳನ್ನೇ ಬಾಯಿಂದ ಹೇಳುತ್ತೇನೆ ಎಂದಳು. ಯಾವುದು ಬೇಕೆಂದು ಕೇಳಿದಳು. ತಂಗವ್ವನದು ಎಂದು ನಾಲ್ಕೈದು ಕಡೆಯಿಂದ ದನಿ ಬಂತು.

ರೇಶನ್ ಪಟ್ಟಿ ಓದುವಂತೆ ಓದುವ ದನಿ. ಏರಿಲ್ಲ, ಇಳಿವಿಲ್ಲ. ಆದರೆ ಒಂದು ಮಾತು ತಪ್ಪಿರಲಿಲ್ಲ. ತಾನು ಗಿರಣಿಯ ಸದ್ದಿನಲ್ಲಿ, ಉರುಳುವ ಪೆನ್ನನ್ನು ಹಿಡಿಹಿಡಿದು ಬರೆದ ಸಾಲುಗಳು ನಲವತ್ತು ಸೆರಗುಗಳ ಮೇಲಿಂದ ಹಾದು ಹಿಂದಿನ ಗೋಡೆಗೆ ಹೋಗಿ ಮುಟ್ಟುವುದನ್ನು ನೀಲಾಂಬಿಕೆ ಕೇಳಿದಳು. ಸೀರೆ ಗಂಟಿನಿಂದ ಹೊರಬಂದಾಗ ನಲವತ್ತು ಜೋಡಿ ಕೈ ಒಟ್ಟಿಗೆ ನಿಂತವು. ಬಸುರಿ ಹುಡುಗಿಯೊಬ್ಬಳು ಮುಂದೆ ಹೇಳಬೇ ಎಂದಳು. ಫಕ್ಕೀರವ್ವ ಹೇಳಿದಳು. ಒಂದು ಕಡೆ ಮಾತ್ರ ತಡೆದು, “ಇಲ್ಲಿ ಬರದಾಕಿ ಸರಕಾರಕ್ಕ ಬೈಯ್ಯಾಕ ಹತ್ಯಾಳ, ಎರಡ ಪುಟ ಐತಿ, ಬಿಡತೇನಿ,” ಎಂದಳು. ಬಿಡು ಬಿಡು ಎಂದು ಎಲ್ಲರೂ ನಕ್ಕರು. ಆ ಎರಡು ಪುಟಕ್ಕೆ ನೀಲಾಂಬಿಕೆ ಒಂಬತ್ತು ದಿನ ಕಳೆದಿದ್ದಳು.

ಕಥೆ ಮುಗಿದಾಗ ಒಂದು ರೂಢಿ ನಡೆಯಿತು. ಪ್ರತಿಯೊಬ್ಬಳೂ ತನ್ನ ಬುಟ್ಟಿಯಿಂದ, ತೊಟ್ಟು ಬಿಡಿಸಿದ ಕಾಯಿ ಒಂದು ಹಿಡಿ ತೆಗೆದು, ಎದ್ದುಹೋಗಿ ಫಕ್ಕೀರವ್ವನ ಬುಟ್ಟಿಗೆ ಹಾಕಿ ಬಂದಳು. ಯಾರೂ ಯಾರಿಗೂ ಹೇಳಲಿಲ್ಲ. ಓದುವವಳ ಕೈ ಖಾಲಿ ಇರುವುದರಿಂದ ಆಕೆಯ ದಿನದ ಕೂಲಿ ಕೇಳುವವರ ಕೈಯಿಂದ ಆಗಬೇಕು. ಹುಸೇನಬಿಯ ಅವ್ವನ ಕಾಲದಲ್ಲಿ ಇಲ್ಲಿ ಹಾಡು ಹೇಳುವವಳಿಗೆ ಹೀಗೆ ಕೊಡುತ್ತಿದ್ದರಂತೆ. ಒಂದು ಹಿಡಿ ಅಂದರೆ ಒಂದೇ ಹಿಡಿ. ಚೆನ್ನಾಗಿದ್ದರೂ ಅಷ್ಟೇ, ಚೆನ್ನಾಗಿಲ್ಲದಿದ್ದರೂ ಅಷ್ಟೇ. ನೀಲಾಂಬಿಕೆಯೂ ತನ್ನ ಸಣ್ಣ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ಹೋಗಿ ಹಾಕಿದಳು. ಫಕ್ಕೀರವ್ವ ಕತ್ತೆತ್ತಿ ನೋಡಿದಳು. ನಿವೃತ್ತ ನ್ಯಾಯಾಧೀಶನ ಮೂಗಿನಲ್ಲಿ ಬೆಳ್ಳಿಯ ನತ್ತಿತ್ತು.

ಊಟದ ಹೊತ್ತಿಗೆ ನೀಲಾಂಬಿಕೆ ಆಕೆಯ ಪಕ್ಕ ಕೂತು ಕೇಳಿದಳು. ಇಂಥ ಕಥೆ ಓದುವಾಗ ನಿನಗೆ ಅಳು ಬರುವುದಿಲ್ಲವೇ?

“ಬರದ ಏನ್ರಿ? ಆದರ ಓದೋಳು ಅಳಬಾರದು. ಓದೋಳು ಅತ್ರ ಕಥಿ ನಿಂತಬಿಡತೈತಿ, ಇವರೆಲ್ಲಾ ಎಲ್ಲಿಗೆ ಹೋಗಬೇಕು? ಅದಕ್ಕ ಲಕ್ಷ್ಯಾನೆಲ್ಲಾ ಹೆಬ್ಬೆರಳಿಗೆ ತರೂದು. ಖಾಲಿ ಕೈಯಾಗ ಸುಮ್ಮನ ತೊಟ್ಟ ಮುರದಂಗ ಮಾಡಕೋತ ಇರೂದು. ಒಂದು, ಇನ್ನೊಂದು, ಇನ್ನೊಂದು. ಎದಿ ತಾನ ತಣ್ಣಗಾಕ್ಕೈತಿ. ಅಳೂದು ಮನ್ಯಾಗ.”

ಹುಸೇನಬಿ ರೊಟ್ಟಿ ಮುರಿಯುತ್ತ ನಡುವೆ ಬಾಯಿ ಹಾಕಿದಳು. ಅಲ್ಲೇ ಎಡವಟ್ಟಾಗಿದ್ದು ಅಂದಳು. ಬರೆದವರ ಪಗಾರ ಓದುವವರ ಎದೆಯ ಮೇಲೆ ಐತೆಂದು ಮೊನ್ನೆ ಮೊನ್ನೆ ರೇಡಿಯೋದಲ್ಲಿ ಹೇಳಿದರಂತೆ. ಅಲ್ಲಿಯವರೆಗೆ ಈ ಗೋದಾಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಏಳ ವರ್ಷ ಈ ಕಲ್ಲಿನ ಕೈಗೆ ಪಟ್ಟಿ ಕಟ್ಟಿ ಆಕಿ ಹೊಟ್ಟಿ ಮ್ಯಾಲ ಹೊಡದೇವಿ. ಓದೋಳಿಗೆ ಹಿಡಿ ಕೊಡತೇವಿ, ಬರದಾಕೀಗೆ ಏನ ಕೊಟ್ಟೇವಿ? ನಾನ ಅಂದೆ, ಪಾಳಿ ಮ್ಯಾಲ ಕಟಗೊಳ್ಳೂಣು. ಯಾರ ದುಃಖ ಕಥ್ಯಾಗ ಬರತೈತಿ, ಆಗ ಅವರ ಕೈಗೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ.”

ಹಾಗೆಯೇ ಮಾಡಿದ್ದರು. ಸೀರೆಯ ಭಾಗಕ್ಕೆ ಅಕ್ಕನನ್ನು ಕಳೆದುಕೊಂಡವಳ ಕೈ. ಆಸ್ಪತ್ರೆಯ ಬಾಗಿಲಿಗೆ ಬಸುರಿಯ ಕೈ. ಕೊನೆಯ ಸಾಲಿಗೆ ಹುಸೇನಬಿಯ ಕೈ. ಹದಿನಾಲ್ಕು ಸಲ ಬಿಚ್ಚಿ, ಹದಿನಾಲ್ಕು ಸಲ ಕಟ್ಟಿ, ಪ್ರತಿ ಸಲ ಪಾಟಿ ಮುಚ್ಚಿ ಮತ್ತೆ ತೆರೆಯುವವರೆಗೆ ಕಾದು. ಮಧ್ಯಾಹ್ನವೆಲ್ಲ ಹಿಡಿಯಿತಂತೆ. ಆವತ್ತಿನ ಕೂಲಿ ಎಲ್ಲರಿಗೂ ಅರ್ಧವೇ ಆಯಿತಂತೆ.

“ಪಗಾರ ಜಾಸ್ತಿ ಆಗಿರಬೇಕಲ್ಲ ಆಕೀಗೆ?” ಬಸುರಿ ಹುಡುಗಿ ಕೇಳಿದಳು.

ಆಗಿರತೈತಿ ಎಂದು ಹುಸೇನಬಿ ಸಮಾಧಾನ ಹೇಳಿದಳು.

ನೀಲಾಂಬಿಕೆಯ ಕಣ್ಣುಗಳು ಸುರಿಯುತ್ತಿದ್ದವು. ಆ ಗೋದಾಮಿನಲ್ಲಿ ಎಲ್ಲರ ಕಣ್ಣೂ ಸುರಿಯುತ್ತವೆ, ಯಾರೂ ಯಾಕೆಂದು ಕೇಳುವುದಿಲ್ಲ. ನಾನೇ ಆಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಏಳು ವರ್ಷ ಗೋಡೆಗೆ ಮಾತಾಡಿದವಳಿಗೆ ಆ ಒಂದು ಮಾತು ಸಾಕಾಗಿತ್ತು. ಆದರೆ ಅದರ ಹಿಂದೆಯೇ ಇನ್ನೊಂದನ್ನು ಹೇಳಬೇಕಾಗುತ್ತಿತ್ತು: ಪಟ್ಟಿ ದುರಸ್ತಿಗೆ ಹೋಗಿಲ್ಲ. ಆಕೆ ಸಂಜೆಯವರೆಗೆ ತೊಟ್ಟು ಮುರಿದು, ತೂಕ ಮಾಡಿಸಿ, ಕೂಲಿ ತೆಗೆದುಕೊಂಡು ಬಸ್ಸು ಹತ್ತಿದಳು. ಕನ್ನಡಕದ ಗಾಜಿನ ಮೇಲೆ ಕೆಂಪು ಹುಡಿ ಕೂತಿತ್ತು. ಒರೆಸಲಿಲ್ಲ.

ಭಾನುವಾರವೆಲ್ಲ ಕೋಣೆಯಲ್ಲಿ ಕೂತು, ಅನ್ವರ್ ಕೊಟ್ಟ ಎರಡೂ ಕಾಗದಗಳನ್ನು ಮುಂದಿಟ್ಟುಕೊಂಡಳು. ಗಿರಣಿಗೆ ರಜೆ. ಪೆನ್ನು ಇಟ್ಟಲ್ಲೇ ಇತ್ತು. ಐವತ್ತಾರು ವಯಸ್ಸು, ಬೇರೆ ಕಸುಬು ಗೊತ್ತಿಲ್ಲ. ಕಾರ್ಡು ಹೋದರೆ ಈ ಕೋಣೆ ಹೋಗುತ್ತದೆ. ಅದಕ್ಕಿಂತ ಮೊದಲು ಹೆಸರು ಹೋಗುತ್ತದೆ. ಯಾವ ಪಾಟಿಯಲ್ಲೂ ತೆರೆಯದ ಹೆಸರು. ಒಂದನೇ ಕಾಗದಕ್ಕೆ ಸಹಿ ಹಾಕಿದರೆ ಎಲ್ಲವೂ ಉಳಿಯುತ್ತದೆ, ಒಬ್ಬ ಓದುಗನನ್ನು ಬಿಟ್ಟು. ಆ ಒಬ್ಬನ ಜಾಗಕ್ಕೆ ಇನ್ನೊಬ್ಬ ಬರಬಹುದು. ಬಾವಿ ತೋಡಿದರೆ ನೂರು ಜನ ಬರಬಹುದು.

ಸೋಮವಾರ ಸಮಿತಿಯ ಮೂವರು ಮೇಜಿನಾಚೆ ಕೂತಿದ್ದರು. ಸಹಿಗೆ ಮೊದಲು ಒಂದು ಪ್ರಶ್ನೆ ಇದೆ ಎಂದಳು ನೀಲಾಂಬಿಕೆ. ಒಬ್ಬರು ಓದಿ ನಲವತ್ತು ಜನ ಕೇಳಿದರೆ ನಿಗಮ ಅದನ್ನು ಏನೆಂದು ಬರೆದುಕೊಳ್ಳುತ್ತದೆ? ಕೇಳುವುದಕ್ಕೆ ನಮ್ಮಲ್ಲಿ ಅಳತೆಯಿಲ್ಲ ಎಂದರು ಅಧ್ಯಕ್ಷರು. ನಲವತ್ತು ಪಟ್ಟಿ ಕೊಟ್ಟು ನೋಡಿ ಎಂದಳು. ಗದ್ದಲವಿರುವ ಕಡೆ, ಧೂಳಿರುವ ಕಡೆ, ಕೈ ಕೆಲಸದಲ್ಲಿರುವ ಕಡೆ ಬರುವ ಕಣ್ಣೀರು ಕಥೆಯದೋ ಬೇರೆಯದೋ ಹೇಳಲಾಗದು, ಅಂಥ ಎದೆ ಲೆಕ್ಕಕ್ಕೆ ಬರುವುದಿಲ್ಲ ಎಂದರು. ನಿಯಮದ ಪುಸ್ತಕ ತೆರೆದು ಪುಟ ತೋರಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೂಲಿಯವರ ಎದೆ ಲೆಕ್ಕಕ್ಕೆ ಬರುವುದಿಲ್ಲವೆಂದು ಈ ನಾಡಿನಲ್ಲಿ ಯಾವಾಗಲೂ ಯಾವುದೋ ಒಂದು ಪುಟದಲ್ಲಿ ಬರೆದೇ ಇರುತ್ತದೆ. ಹಿಂದೆ ಆಗಿದ್ದರೆ ಆಕೆ ಆ ಪುಸ್ತಕ ಹರಿದು ಮೇಜಿನ ಮೇಲೆ ಎಸೆಯುತ್ತಿದ್ದಳು. ಈಗ ಎಸೆದರೆ ಏಟು ಯಾರಿಗೆ ಬೀಳುತ್ತದೆಂದು ಗೊತ್ತಿತ್ತು.

ಎರಡನೇ ಕಾಗದ ಎತ್ತಿಕೊಂಡಳು.

ತಪ್ಪೊಪ್ಪಿಗೆಯನ್ನು ಪಟ್ಟಿ ಕಟ್ಟಿಕೊಂಡು ಗಟ್ಟಿಯಾಗಿ ಓದಬೇಕು. ಓದುವಾಗ ಎದೆ ಜಿಗಿದರೆ ಹೇಳಿಕೆ ಸುಳ್ಳೆಂದು ಎಣಿಸಿ ತಳ್ಳಿಹಾಕುತ್ತಾರೆ, ಆಗ ದಂಡ ಪಟ್ಟಿಯವಳಿಗೇ. ಅನ್ವರ್ ಎದ್ದು ಬಂದು ಆಕೆಯ ಎಡಗೈಗೆ ಪಟ್ಟಿ ಬಿಗಿದ. ಪರದೆಯ ಮೇಲೆ ಆಕೆಯ ಗೆರೆ ಮೂಡಿತು. ತೊಂಬತ್ತಾರು. ಬೇಡವೆಂಬಂತೆ ಅವನು ತಲೆಯಾಡಿಸಿದ.

ಆಕೆ ಬಲಗೈಯನ್ನು ಮೇಜಿನ ಕೆಳಗೆ ಇಳಿಬಿಟ್ಟಳು. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ, ಇಲ್ಲದ ಕಾಯಿಯ ತೊಟ್ಟು ಮುರಿದಳು. ಒಂದು. ಇನ್ನೊಂದು. ತೊಂಬತ್ತು. ಇನ್ನೊಂದು. ಎಂಬತ್ತೊಂದು. ಓದುವವಳು ಅತ್ತರೆ ಕಥೆ ನಿಲ್ಲುತ್ತದೆ. ಎಪ್ಪತ್ತು. ಆಮೇಲೆ ರೇಶನ್ ಪಟ್ಟಿ ಓದುವ ದನಿಯಲ್ಲಿ ಓದಿದಳು:

“ನಾಲ್ಕು ಸಾವಿರದ ನಾನೂರ ಹದಿನೇಳನೇ ಪಟ್ಟಿಯನ್ನು ಹದಿನಾಲ್ಕು ಕೈಗಳಿಗೆ ಕಟ್ಟಿಸಿದವಳು ನಾನೇ. ಪಟ್ಟಿಯ ಒಡತಿಗೆ ನಿಯಮ ತಿಳಿದಿರಲಿಲ್ಲ. ಆಕೆ ನನ್ನ ಮಾತು ನಂಬಿದಳು. ನಾನು ದುಡ್ಡಿಗಾಗಿ ಮಾಡಿಸಿದೆ.”

ಆ ಕಟ್ಟಡದಲ್ಲಿ ಆಕೆ ಹೇಳಿದ ಕೊನೆಯ ಕಟ್ಟುಕಥೆ ಅದು. ಅನ್ವರ್ ಪರದೆಯನ್ನು ನೋಡಿದ. ಮೇಜಿನ ಕೆಳಗೆ ಅಲ್ಲಾಡುತ್ತಿದ್ದ ಹೆಬ್ಬೆರಳನ್ನೂ ನೋಡಿದ. ಅದನ್ನು ಬರೆದುಕೊಳ್ಳುವ ಜಾಗ ನಮೂನೆಯಲ್ಲಿರಲಿಲ್ಲ.

“ಅರವತ್ತೆಂಟು,” ಎಂದು ಓದಿ ಹೇಳಿದ. “ಮೊದಲಿಂದ ಕೊನೀತನಕ ಅರವತ್ತೆಂಟು.”

ಕಾರ್ಡನ್ನು ಆಕೆಯ ಎದುರಿಗೇ ಕತ್ತರಿಸಿದರು. ಪಟ್ಟಿಯನ್ನು ಅಂಚೆಗೆ ಹಾಕಿದರು. ಅಂದು ಮಧ್ಯಾಹ್ನದಿಂದ ನೀಲಾಂಬಿಕೆ ಹಾದಿಮನಿಯ ನಲವತ್ತೊಂದು ಕಥೆಗಳು ಯಾವ ಪಾಟಿಯಲ್ಲೂ ತೆರೆಯಲಿಲ್ಲ. ಯಾರೂ ಕೇಳಲಿಲ್ಲ. ಗಿರಣಿಯವನು ಮಾತ್ರ, ಕೋಣೆ ಖಾಲಿ ಮಾಡುವ ದಿನ ಗಿರಣಿ ನಿಲ್ಲಿಸಿ, ಇಷ್ಟು ವರ್ಷ ಮೇಲೆ ಕೂತು ಏನು ಮಾಡುತ್ತಿದ್ದಿರಿ ಎಂದು ವಿಚಾರಿಸಿದ.

ಬ್ಯಾಡಗಿಯಲ್ಲಿ ಮೂರನೇ ಓಣಿಯ ತುದಿಗೆ ತಗಡಿನ ಪತ್ರಾಸು ಹೊದಿಸಿದ ಒಂದು ಕೋಣೆ ಸಿಕ್ಕಿತು. ತೊಟ್ಟು ಮುರಿಯುವುದರಲ್ಲಿ ಕೈ ಇನ್ನೂ ನಿಧಾನ. ಬೆರಳುಗಳ ಸಂದಿಯಲ್ಲಿ ಉರಿ. ಬೆಳಗಿನ ಒಂದು ಗಂಟೆ ಬರೆಯುವುದು, ಆಮೇಲೆ ಗೋದಾಮು. ಪಟ್ಟಿ ವಾಪಸು ಬಂದಿತ್ತು, ಆದರೆ ಅದರಲ್ಲಿ ‘ಆಕಿ ಕಥಿ’ ಬರುತ್ತಿಲ್ಲವೆಂದು ಫಕ್ಕೀರವ್ವ ಅದನ್ನು ಮೊಳೆಗೆ ನೇತುಹಾಕಿದ್ದಳು. ಬರೀ ಬಾವೀನ ಬರತಾವ, ನಾ ಒಲ್ಲೆ ಎಂದಿದ್ದಳು. ಹೋಳಿ ಕಳೆದ ಮರುದಿನ ನೀಲಾಂಬಿಕೆ ಮಡಚಿದ ಹಾಳೆಗಳನ್ನು ಸೆರಗಿನಿಂದ ತೆಗೆದು ಕೊಟ್ಟಳು. ಹುಬ್ಬಳ್ಳಿಯಲ್ಲಿ ಆ ಬರೆಯುವಾಕೆಯ ಪರಿಚಯ ತನಗೆ ಸ್ವಲ್ಪ ಉಂಟು, ಕೈಬರಹದಲ್ಲಿ ಕಳಿಸಿದ್ದಾಳೆ ಎಂದಳು. ಇದರಲ್ಲಿ ಭಾಷಣ ಇಲ್ಲವಂತೆ ಎಂದೂ ಸೇರಿಸಿದಳು.

ಫಕ್ಕೀರವ್ವ ಹಾಳೆಗಳನ್ನು ತಿರುವಿ ನೋಡಿ, ಬೋರಲು ಬುಟ್ಟಿಯ ಮೇಲೆ ಕೂತು ಓದತೊಡಗಿದಳು. ನಾಲ್ಕು ಸಾಲೂ ಸುಮ್ಮನಾದವು. ತೊಟ್ಟು ಮುರಿಯುವ ಸದ್ದು ಮಾತ್ರ, ಸಣ್ಣ ಮಳೆಯ ಹಾಗೆ. ಹುಸೇನಬಿ ಪಕ್ಕಕ್ಕೆ ಸರಿದು, ಪಿಸುದನಿಯಲ್ಲಿ ಕೇಳಿದಳು.

“ತಂಗಿ, ನಿನಗ ಆಕಿ ಗೊತ್ತಂತೀ. ನಾವು ಪಾಳಿ ಮ್ಯಾಲ ಕಟಗೊಂಡಿವಲ್ಲ, ಆಕಿ ಪಗಾರ ಹೆಚ್ಚಾತೇನು?”

ನೀಲಾಂಬಿಕೆ ಒಂದು ತೊಟ್ಟು ಮುರಿದಳು. ಇನ್ನೊಂದು.

“ಹೆಚ್ಚಾತ್ರಿ,” ಎಂದಳು.

ಹುಸೇನಬಿ ಪಕ್ಕದವಳಿಗೆ ಹೇಳಿದಳು. ಪಕ್ಕದವಳು ಅದರಾಚೆಯವಳಿಗೆ. ಹೆಚ್ಚಾತಂತ, ಹೆಚ್ಚಾತಂತ ಎಂದು ಮಾತು ಸಾಲಿನಿಂದ ಸಾಲಿಗೆ ದಾಟಿ, ಬಸುರಿಯ ಮೇಲೆ ಹಾದು, ಮುಂದಿನ ಸಾಲು ಮುಟ್ಟಿತು. ಅಲ್ಲಿ ಯಾರೋ ಬಾಗಿ ಫಕ್ಕೀರವ್ವನಿಗೆ ಹೇಳಿದರು.

ಫಕ್ಕೀರವ್ವನ ದನಿ ನಿಂತಿತು. ಬಾಯಿ ತೆರೆದಳು, ಬರಲಿಲ್ಲ. ಹಾಳೆ ಹಿಡಿದ ಕೈಯ ಹೆಬ್ಬೆರಳು ಅಲ್ಲಾಡಿತು, ಒಂದು, ಇನ್ನೊಂದು, ಆದರೂ ಬರಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಏಳು ವರ್ಷದಲ್ಲಿ ಆ ಗೋದಾಮಿನಲ್ಲಿ ಓದುವವಳು ಅತ್ತು ಕಥೆ ನಿಂತದ್ದು ಅದೇ ಮೊದಲು. ಪಟ್ಟಿ ಮೊಳೆಗೆ ನೇತಾಡುತ್ತಿತ್ತು.

ಎಲ್ಲರೂ ಕಾದರು. ನೀಲಾಂಬಿಕೆ ತಲೆ ತಗ್ಗಿಸಿ ಕಾಯಿಗಳನ್ನೇ ನೋಡುತ್ತ, ಕನ್ನಡಕದಡಿ ಬೆರಳು ಹಾಕಿ ಕಣ್ಣು ಒರೆಸಿದಳು.

“ಕಣ್ಣ ತಿಕ್ಕೋಬ್ಯಾಡ ಅಂತ ಎಷ್ಟ ಸಲ ಹೇಳಬೇಕವಾ ನಿನಗ,” ಎಂದಳು ಹುಸೇನಬಿ.